ಆವಿಗೆಯ ಗಡಿಗೆ, ಜಪಾನಿನ ಬಟ್ಟಲು: ತೇರದಾಳ ಸೀಮೆಯ ಕುಂಬಾರಿಕೆ ಮತ್ತು ಕಟ್ಟಿಗೆ ಉರಿಯ ಎರಡು ಪರಂಪರೆಗಳು

ಬಾಗಲಕೋಟೆ ಜಿಲ್ಲೆಯ ತೇರದಾಳ, ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗಗಳಲ್ಲಿ ಬಿಸಿಲು ಏರತೊಡಗಿದಂತೆ ಸಂತೆಯ ಬದಿಯಲ್ಲಿ ಕೆಂಪು ಹರವಿಗಳೂ ಕಪ್ಪು ಗಡಿಗೆಗಳೂ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಕೊಳ್ಳುವವರು ಬೆರಳ ಗೆಣ್ಣಿನಿಂದ ಗಡಿಗೆಯನ್ನು ಬಡಿದು, ಬರುವ ನಾದವನ್ನು ಆಲಿಸಿ, ಬಿರುಕಿಲ್ಲವೆಂದು ಖಚಿತವಾದ ಮೇಲೆಯೇ ಬೆಲೆ ಕೇಳುವುದು ರೂಢಿ. ಇದೇ ಬಗೆಯ ಮಣ್ಣು ಮತ್ತು ಕಟ್ಟಿಗೆಯ ಉರಿಯಿಂದ ಜಪಾನಿನಲ್ಲಿ ತಯಾರಾಗುವ ಸಾಕೆ ಬಟ್ಟಲೊಂದು ಕಲಾಶಾಲೆಗಳ ಗಾಜಿನ ಕಪಾಟಿನಲ್ಲಿ ಸ್ಥಾನ ಪಡೆಯುತ್ತದೆ. ಅದರ ಕರ್ತೃವಿಗೆ ರಾಷ್ಟ್ರಮನ್ನಣೆಯೂ ದೊರೆಯುತ್ತದೆ. ನಮ್ಮ ಗಡಿಗೆಯಾದರೋ ಸಂತೆ ಮುಗಿಯುವ ಹೊತ್ತಿಗೆ ಚೌಕಾಸಿಯಲ್ಲಿ ಕೈಬದಲಾಗುತ್ತದೆ.

ಈ ಅಂತರಕ್ಕೆ ಕೌಶಲದ ಕೊರತೆ ಕಾರಣವಲ್ಲ. ಮಣ್ಣಿನ ಗುಣ, ಉರಿಯ ತಾಪ, ಪಾತ್ರೆಯ ಬಳಕೆ ಮತ್ತು ಸಮಾಜ ನೀಡುವ ಮನ್ನಣೆ, ಈ ನಾಲ್ಕೂ ಸೇರಿ ಎರಡು ಬೇರೆ ಬೇರೆ ಪರಂಪರೆಗಳನ್ನು ರೂಪಿಸಿವೆ. ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಕೃಷ್ಣಾ ತೀರದ ಕುಂಬಾರಿಕೆ ಏಕೆ ಹೀಗಿದೆ ಮತ್ತು ಅದು ಉಳಿಯಬೇಕಾದರೆ ಏನು ಬೇಕು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಸೀಮೆಯ ಹಿನ್ನೆಲೆ

ತೇರದಾಳವು ಕೃಷ್ಣಾ ನದಿಯ ದಕ್ಷಿಣಕ್ಕಿರುವ ಪ್ರಾಚೀನ ಊರು. ಇಲ್ಲಿನ ನವಶಿಲಾಯುಗದ ನೆಲೆಯ ಕಾಲವನ್ನು ರೇಡಿಯೊಕಾರ್ಬನ್ ವಿಧಾನದಿಂದ ಕ್ರಿಸ್ತಪೂರ್ವ 2ನೆಯ ಸಹಸ್ರಮಾನಕ್ಕೆ ಸೇರಿದ್ದೆಂದು ಗುರುತಿಸಲಾಗಿದೆ. ಇಂಥ ನೆಲೆಗಳನ್ನು ಅಭ್ಯಸಿಸುವವರಿಗೆ ಮಡಕೆಯ ಚೂರುಗಳೇ ಮುಖ್ಯ ಆಧಾರ. ಮರ ಕೊಳೆಯುತ್ತದೆ, ಲೋಹ ತುಕ್ಕು ಹಿಡಿಯುತ್ತದೆ, ಬಟ್ಟೆ ಮಣ್ಣಾಗುತ್ತದೆ. ಒಮ್ಮೆ ಸುಟ್ಟ ಮಣ್ಣು ಮಾತ್ರ ಸಹಸ್ರಾರು ವರ್ಷ ಉಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನವು ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಾನುಕ್ರಮವನ್ನು ಒದಗಿಸಿದ್ದರಲ್ಲಿಯೂ ಮಡಕೆಯ ಚೂರುಗಳ ಪಾತ್ರ ದೊಡ್ಡದು. ಬೃಹತ್ ಶಿಲಾ ಸಮಾಧಿಗಳ ಕಾಲದ ಕಪ್ಪು ಮತ್ತು ಕೆಂಪು ಮಡಕೆಗಳಲ್ಲಿ ಒಳಮೈ ಹಾಗೂ ಬಾಯಿಯ ಅಂಚು ಕಪ್ಪಾಗಿ, ಹೊರಮೈ ಕೆಂಪಾಗಿರುವುದನ್ನು ಕಾಣಬಹುದು. ಗಾಳಿ ತಾಗಿದ ಭಾಗ ಕೆಂಪು, ಗಾಳಿ ತಾಗದ ಭಾಗ ಕಪ್ಪು ಎಂಬ ಉರಿಯ ಗುಟ್ಟು ಅಂದಿನ ಕುಂಬಾರರಿಗೆ ಚೆನ್ನಾಗಿ ತಿಳಿದಿತ್ತು.

12ನೆಯ ಶತಮಾನದ ಶಾಸನಗಳಲ್ಲಿ ‘ತೇರಿದಾಳ’ವು ಕೂಂಡಿ ಮೂರು ಸಾವಿರ ನಾಡಿನೊಳಗಿನ ಹನ್ನೆರಡು ಹಳ್ಳಿಗಳಿಗೆ ಮುಖ್ಯ ಪಟ್ಟಣವಾಗಿ ಕಾಣಿಸಿಕೊಳ್ಳುತ್ತದೆ. ಗೊಂಕನೆಂಬ ಮಾಂಡಲಿಕನು ಇಲ್ಲಿ ನೇಮಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿದ್ದನು. ಊರಿನ ಅಲ್ಲಮಪ್ರಭು ದೇವಸ್ಥಾನವೂ ಪ್ರಸಿದ್ಧವಾದುದು. ಬ್ರಿಟಿಷರ ಕಾಲದಲ್ಲಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ತೇರದಾಳ, ಸಂಸ್ಥಾನಗಳ ವಿಲೀನದ ನಂತರ ವಿಜಾಪುರ ಜಿಲ್ಲೆಗೂ, 1997ರಲ್ಲಿ ಹೊಸದಾಗಿ ರಚನೆಯಾದ ಬಾಗಲಕೋಟೆ ಜಿಲ್ಲೆಗೂ ಸೇರಿತು.

ಶರಣ ಪರಂಪರೆಯಲ್ಲಿ ಕುಂಬಾರ ಕಾಯಕಕ್ಕೆ ಗೌರವದ ಸ್ಥಾನವಿದೆ. ಬೀದರ್ ಜಿಲ್ಲೆಯ ಭಾಲ್ಕಿಯವನೆಂದು ಹೇಳಲಾಗುವ ಕುಂಬಾರ ಗುಂಡಯ್ಯ ಮಡಕೆಯನ್ನು ಬಡಿಯುವ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಗುಂಡಯ್ಯನ ಪತ್ನಿ ಕೇತಲದೇವಿಯೂ ವಚನಕಾರ್ತಿ. ಮಣ್ಣಿನ ಹದವನ್ನು ಸಾಧಕನ ಮನಸ್ಸಿನ ಹದಕ್ಕೆ ಹೋಲಿಸಿದವಳು. ಇಂದಿಗೂ ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡುವಾಗ ಕೇಳುವುದು ಅದೇ ನಾದವನ್ನು.

ಮಣ್ಣು ಮತ್ತು ತಿಗರಿ

ಈ ಸೀಮೆಯ ನೆಲ ಬಹುಪಾಲು ಕಪ್ಪು ಎರೆಮಣ್ಣು. ಹತ್ತಿ ಮತ್ತು ಜೋಳಕ್ಕೆ ಒಳ್ಳೆಯದಾದ ಈ ಮಣ್ಣು ಮಡಕೆಗೆ ನೇರವಾಗಿ ಒದಗುವುದಿಲ್ಲ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವುದು ಎರೆಮಣ್ಣಿನ ಸ್ವಭಾವ. ಅದರಲ್ಲಿರುವ ಸುಣ್ಣದ ಹರಳುಗಳು ಇನ್ನೂ ಅಪಾಯಕಾರಿ. ಬೆಂಕಿಯಲ್ಲಿ ಸುಟ್ಟ ಹರಳು ಆಮೇಲೆ ಗಾಳಿಯ ತೇವವನ್ನು ಹೀರಿ ಅರಳುತ್ತದೆ; ಆಗ ಗಡಿಗೆಯ ಮೈಯಿಂದ ಚಕ್ಕೆ ಎದ್ದು ತೂತು ಬೀಳುತ್ತದೆ. ಆದ್ದರಿಂದ ಕುಂಬಾರರು ಕೆರೆಯ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಸಿಗುವ ಜಿಗಿಮಣ್ಣನ್ನು ಹುಡುಕಿ ತರುತ್ತಾರೆ. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ಕಾಲಿನಿಂದ ತುಳಿದು ಹದಗೊಳಿಸುತ್ತಾರೆ. ಸಣ್ಣ ಮರಳು, ಬೂದಿ, ಕತ್ತೆ ಅಥವಾ ಕುದುರೆಯ ಲದ್ದಿಯನ್ನು ಬೆರೆಸುವ ರೂಢಿಯೂ ಉಂಟು. ಲದ್ದಿಯಲ್ಲಿನ ನಾರು ಹಸಿ ಮಣ್ಣನ್ನು ಹಿಡಿದಿಡುತ್ತದೆ. ಆವಿಗೆಯಲ್ಲಿ ಅದು ಉರಿದುಹೋಗಿ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಉಳಿಸುತ್ತದೆ. ಈ ರಂಧ್ರಗಳ ಮಹತ್ವವನ್ನು ಮುಂದೆ ನೋಡಬಹುದು.

ತಿಗರಿಯ ಮೇಲೆ ರೂಪುಗೊಳ್ಳುವುದು ಗಡಿಗೆಯ ಬಾಯಿ, ಕೊರಳು ಮತ್ತು ದಪ್ಪನೆಯ ಒಡಲು ಮಾತ್ರ. ಅರ್ಧ ಒಣಗಿದ ಮೇಲೆ ಕುಂಬಾರನು ಒಳಗೆ ಕಲ್ಲಿನ ಗುಂಡನ್ನು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ಅದನ್ನು ತೆಳುವಾಗಿ, ದುಂಡಗೆ ಹಿಗ್ಗಿಸುತ್ತಾನೆ. ತಳದವರೆಗೂ ಒಂದೇ ದಪ್ಪವಿರುವ ದುಂಡು ಗಡಿಗೆ ಒಲೆಯ ಮೇಲೆ ಸುಲಭವಾಗಿ ಒಡೆಯದಿರುವುದಕ್ಕೆ ಈ ತಟ್ಟುವಿಕೆಯೇ ಕಾರಣ. ನಂತರ ಜಾಜು ಬಳಿದು, ನಯವಾದ ಕಲ್ಲು ಅಥವಾ ಕಾಯಿಬೀಜದಿಂದ ಉಜ್ಜಿ ಹೊಳಪು ಕೊಡಲಾಗುತ್ತದೆ. ಮಣ್ಣು ಹದಗೊಳಿಸುವುದು, ಜಾಜು ಬಳಿಯುವುದು, ಹೊಳಪಿಡುವುದು, ಸಂತೆಗೆ ಒಯ್ದು ಮಾರುವುದು ಬಹುತೇಕ ಮನೆಯ ಹೆಂಗಸರ ಕೆಲಸ. ತಿಗರಿಯ ಮುಂದೆ ಕೂರುವುದು ಮಾತ್ರ ವಾಡಿಕೆಯಂತೆ ಗಂಡಸರ ಪಾಲು. ಇಡೀ ಮನೆಯ ದುಡಿಮೆಯಾಗಿರುವುದರಿಂದಲೇ ಮನೆಯ ಒಬ್ಬರು ಬೇರೆ ಕೆಲಸ ಹಿಡಿದರೂ ಕಸುಬು ಕುಂಟುತ್ತದೆ.

ಆವಿಗೆಯ ಉರಿ

ಒಣಗಿದ ಗಡಿಗೆಗಳನ್ನು ಸುಡುವ ಒಲೆಯೇ ಆವಿಗೆ, ಆಡುಮಾತಿನಲ್ಲಿ ಆವಗಿ. ಅನೇಕ ಕಡೆ ಇದು ಕಾಯಂ ಕಟ್ಟಡವಲ್ಲ. ನೆಲದ ಮೇಲೆ ಅಥವಾ ತಗ್ಗಿನಲ್ಲಿ ಕುಳ್ಳು ಮತ್ತು ಕಟ್ಟಿಗೆಯ ಹಾಸು ಹಾಕಿ, ಅದರ ಮೇಲೆ ದೊಡ್ಡ ಹರವಿ, ನಡುವೆ ಗಡಿಗೆ, ಸಂದುಗಳಲ್ಲಿ ಕುಡಿಕೆ-ಹಣತೆಗಳನ್ನು ಜೋಡಿಸಲಾಗುತ್ತದೆ. ಮೇಲೆ ಹುಲ್ಲು ಹೊದಿಸಿ, ಬೂದಿ ಅಥವಾ ಕೆಸರಿನಿಂದ ಮುಚ್ಚಿ, ಹೊಗೆ ಹೋಗಲು ಕಿಂಡಿ ಬಿಡಲಾಗುತ್ತದೆ. ಹತ್ತಿಕಟ್ಟಿಗೆ, ಜೋಳದ ದಂಟು, ತೆಂಗಿನ ಗರಿ, ಜಾಲಿ, ಕಬ್ಬಿನ ರವದಿ, ಹೀಗೆ ಹೊಲದಲ್ಲಿ ಮಿಕ್ಕಿದ್ದೆಲ್ಲವೂ ಇಲ್ಲಿ ಉರುವಲಾಗುತ್ತದೆ.

ಮೊದಲ ತಾಸುಗಳ ಉರಿ ಸಣ್ಣದಾಗಿರಬೇಕು. ಮಣ್ಣಿನಲ್ಲಿ ಉಳಿದ ತೇವ ಒಮ್ಮೆಗೇ ಆವಿಯಾದರೆ ಗಡಿಗೆ ಸಿಡಿಯುತ್ತದೆ. ಮಣ್ಣಿನ ಕಣಗಳೊಡನೆ ರಾಸಾಯನಿಕವಾಗಿ ಬೆಸೆದುಕೊಂಡ ನೀರು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಹೊರಬರುತ್ತದೆ. ಈ ಹಂತ ದಾಟಿದ ಮಣ್ಣು ಮತ್ತೆ ಕೆಸರಾಗಲಾರದು. ತೆರೆದ ಆವಿಗೆಯ ಗರಿಷ್ಠ ತಾಪ ಸಾಮಾನ್ಯವಾಗಿ 700ರಿಂದ 900 ಡಿಗ್ರಿಗಳ ನಡುವೆ ನಿಲ್ಲುತ್ತದೆ. ಗಾಳಿ ಸಾಕಷ್ಟು ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪು ಬಣ್ಣ ತಾಳುತ್ತದೆ. ಕಪ್ಪು ಗಡಿಗೆ ಬೇಕಾದಾಗ ಉರಿಯ ಕೊನೆಯಲ್ಲಿ ಹೊಟ್ಟು, ಹಸಿ ಸೊಪ್ಪು ಹಾಕಿ ಕಿಂಡಿಗಳನ್ನು ಮುಚ್ಚುತ್ತಾರೆ. ಆಗ ದಟ್ಟ ಹೊಗೆಯ ಇಂಗಾಲ ಗಡಿಗೆಯ ಮೈಯೊಳಗೆ ಸೇರುತ್ತದೆ.

ಆವಿಗೆ ಆರಿ ತಣ್ಣಗಾಗುವವರೆಗೆ ಒಳಗೆ ಏನಾಗಿದೆಯೆಂದು ಯಾರಿಗೂ ತಿಳಿಯದು. ಅಕಾಲದ ಮಳೆಯೊಂದು ವಾರಗಳ ದುಡಿಮೆಯನ್ನು ಚೂರಾಗಿಸಬಲ್ಲದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಇಲ್ಲಿ ಬರೀ ಮಾತಲ್ಲ. ಮಳೆಗಾಲದಲ್ಲಿ ಗಡಿಗೆ ಒಣಗುವುದೂ ಇಲ್ಲ, ಆವಿಗೆ ಹೊತ್ತುವುದೂ ಇಲ್ಲ. ಆದ್ದರಿಂದ ಕಸುಬಿನ ಗಳಿಕೆ ವರ್ಷದ ಕೆಲವೇ ತಿಂಗಳುಗಳಿಗೆ ಸೀಮಿತ.

ಬೆವರುವುದೇ ಗಡಿಗೆಯ ಗುಣ

ಇಷ್ಟು ಕಡಿಮೆ ತಾಪದಲ್ಲಿ ಸುಟ್ಟ ಗಡಿಗೆಯ ಮೈ ಪೂರ್ತಿ ಬಿಗಿಯಾಗಿರುವುದಿಲ್ಲ. ಒಳಗಿನ ನೀರು ಸೂಕ್ಷ್ಮ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ, ಅಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಆ ಶಾಖದ ಬಹುಭಾಗ ಗಡಿಗೆಯ ಒಳಗಿನ ನೀರಿನಿಂದಲೇ ಹೋಗುತ್ತದೆ. 10 ಲೀಟರ್ ನೀರಿನಲ್ಲಿ 200 ಮಿಲಿಲೀಟರ್ ಆವಿಯಾದರೆ, ಹೊರಗಿನ ಶಾಖ ಒಳಸೇರದಿದ್ದಲ್ಲಿ, ಉಳಿದ ನೀರಿನ ತಾಪ ಲೆಕ್ಕದ ಪ್ರಕಾರ 11 ಡಿಗ್ರಿಗೂ ಹೆಚ್ಚು ಇಳಿಯಬೇಕು. ವಾಸ್ತವದಲ್ಲಿ ಸುತ್ತಲಿನ ಬಿಸಿಯೂ ಒಳಸೇರುವುದರಿಂದ ಇಳಿಕೆ ಅದಕ್ಕಿಂತ ಕಡಿಮೆ. ಗಾಳಿ ಒಣಗಿದಷ್ಟೂ ಆವಿಯಾಗುವಿಕೆ ಹೆಚ್ಚು. ಹಾಗಾಗಿ ಕರಾವಳಿಯ ತೇವದ ಹವೆಗಿಂತ ಬಾಗಲಕೋಟೆ, ವಿಜಯಪುರಗಳ ಒಣ ಬಿಸಿಲಿನಲ್ಲಿ ಮಣ್ಣಿನ ಹರವಿ ಚೆನ್ನಾಗಿ ಕೆಲಸ ಮಾಡುತ್ತದೆ.

ಅಂದರೆ ಬಯಲುಸೀಮೆಯ ಗಡಿಗೆಗೆ ಮೆರುಗು ಇಲ್ಲದಿರುವುದು ಕೊರತೆಯಲ್ಲ. ಗಾಜಿನಂಥ ಮೆರುಗು ಹಚ್ಚಿದರೆ ರಂಧ್ರಗಳು ಮುಚ್ಚಿ, ಗಡಿಗೆ ಯಾವ ಕಾರಣಕ್ಕೆ ಹುಟ್ಟಿತೋ ಆ ಕಾರಣವೇ ಇಲ್ಲವಾಗುತ್ತದೆ. ಕಡಿಮೆ ಉರಿ, ಸ್ಥಳೀಯ ಮಣ್ಣು, ಹೊಲದ ಕಸದ ಉರುವಲು, ಒಣ ಹವೆ ಇವೆಲ್ಲ ಪರಸ್ಪರ ಹೊಂದಿಕೊಂಡ ಒಂದೇ ವ್ಯವಸ್ಥೆಯ ಭಾಗಗಳು.

ಜಪಾನಿನ ಕಟ್ಟಿಗೆ ಒಲೆಗಳು

ಜಪಾನಿನ ಪರಂಪರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬೆಳೆಯಿತು. 5ನೆಯ ಶತಮಾನದಲ್ಲಿ ಕೊರಿಯಾದ ಕಡೆಯಿಂದ ಅಲ್ಲಿಗೆ ಬಂದ ‘ಅನಗಾಮ’ ಒಲೆಯು ಬೆಟ್ಟದ ಇಳಿಜಾರಿನಲ್ಲಿ ಸುರಂಗದಂತೆ ಕಟ್ಟಿದ್ದು. ಕೆಳಬದಿಯಲ್ಲಿ ಹೊತ್ತಿಸಿದ ಉರಿ ಇಳಿಜಾರಿನ ಸೆಳೆತಕ್ಕೆ ಮೇಲೇರಿ, ಒಳಗಿನ ಪಾತ್ರೆಗಳನ್ನು 1200 ಡಿಗ್ರಿಗೂ ಮಿಕ್ಕಿದ ತಾಪಕ್ಕೆ ಒಯ್ಯುತ್ತದೆ. ಮುಂದೆ ಕೋಣೆಗಳನ್ನು ಮೆಟ್ಟಿಲಿನಂತೆ ಜೋಡಿಸಿದ ‘ನೊಬೊರಿಗಾಮ’ ಒಲೆಗಳು ಬಳಕೆಗೆ ಬಂದವು. ಸೆತೊ, ತೊಕೊನಾಮೆ, ಎಚಿಜೆನ್, ಶಿಗರಾಕಿ, ತಂಬಾ ಮತ್ತು ಬಿಜೆನ್ ಎಂಬ ಆರು ಕೇಂದ್ರಗಳನ್ನು ‘ಆರು ಪ್ರಾಚೀನ ಒಲೆಗಳು’ ಎಂದು ಕರೆಯುವುದು ವಾಡಿಕೆ; 2017ರಲ್ಲಿ ಇವುಗಳಿಗೆ ‘ಜಪಾನ್ ಪರಂಪರೆ’ ಎಂಬ ಸರಕಾರಿ ಮನ್ನಣೆ ದೊರೆಯಿತು.

ಇಂಥ ಒಲೆಯಲ್ಲಿ ಮೆರುಗು ಮೊದಲು ಹುಟ್ಟಿದ್ದು ಆಕಸ್ಮಿಕವಾಗಿ. ದಿನಗಟ್ಟಲೆ ಉರಿಯುವ ಕಟ್ಟಿಗೆಯ ಬೂದಿ ಗಾಳಿಯೊಡನೆ ಹಾರಿ ಪಾತ್ರೆಯ ಹೆಗಲ ಮೇಲೆ ಕೂರುತ್ತದೆ. ಬೂದಿಯಲ್ಲಿನ ಸುಣ್ಣ ಮತ್ತು ಪೊಟ್ಯಾಷ್ ಅಂಶಗಳು ಮಣ್ಣಿನಲ್ಲಿನ ಸಿಲಿಕಾದೊಡನೆ ಬೆರೆತು, ಸುಮಾರು 1240 ಡಿಗ್ರಿಯ ಆಸುಪಾಸಿನಲ್ಲಿ ಕರಗಿ, ಹಸಿರು ಛಾಯೆಯ ಗಾಜಾಗಿ ಹರಿಯುತ್ತವೆ. ಶಿಗರಾಕಿಯ ಹಳೆಯ ಜಾಡಿಗಳ ಸೌಂದರ್ಯಕ್ಕೆ ಈ ಸಹಜ ಬೂದಿಮೆರುಗೇ ಕಾರಣ. ಕ್ರಮೇಣ ಬೂದಿಯನ್ನು ನೀರಿನಲ್ಲಿ ಕಲಸಿ ಬೇಕೆಂದೇ ಬಳಿಯುವ ವಿಧಾನ ಬೆಳೆಯಿತು.

ತೇರದಾಳ ಸೀಮೆಯ ಓದುಗರಿಗೆ ಹೆಚ್ಚು ಹತ್ತಿರವೆನಿಸುವುದು ಒಕಾಯಾಮ ಪ್ರಾಂತದ ಬಿಜೆನ್ ಮಡಕೆ. ಅದಕ್ಕೂ ಬಳಿದ ಮೆರುಗಿಲ್ಲ. ಬಿಜೆನ್‌ನ ಕುಂಬಾರರು ಬಳಸುವುದು ಭತ್ತದ ಗದ್ದೆಗಳ ಅಡಿಯಿಂದ ಅಗೆದ, ಕಬ್ಬಿಣದ ಅಂಶವುಳ್ಳ ಜಿಗಿಮಣ್ಣನ್ನು. ಅದು ಒಣಗುವಾಗಲೂ ಸುಡುವಾಗಲೂ ವಿಪರೀತ ಕುಗ್ಗುವುದರಿಂದ ಮೆರುಗು ಅದರ ಮೇಲೆ ನಿಲ್ಲುವುದು ಕಷ್ಟ. ಅವಸರದ ಉರಿಯನ್ನೂ ಅದು ತಾಳದು. ಹಾಗಾಗಿ ಕೆಂಪು ಪೈನ್ ಮರದ ಸೌದೆಯನ್ನು ಹಗಲಿರುಳು ಉಣಿಸುತ್ತ ಹತ್ತರಿಂದ ಹದಿನಾಲ್ಕು ದಿನ ನಿಧಾನವಾಗಿ ಸುಡುತ್ತಾರೆ. ಬೂದಿ ಬಿದ್ದಲ್ಲಿ ಎಳ್ಳು ಉದುರಿಸಿದಂಥ ಚುಕ್ಕೆಗಳು ಮೂಡುತ್ತವೆ. ಪಾತ್ರೆಗಳು ಅಂಟದಿರಲೆಂದು ಸುತ್ತಿದ ಹುಲ್ಲು ಉರಿದುಹೋಗಿ, ಅದರ ಜಾಗದಲ್ಲಿ ಬೆಂಕಿಬಣ್ಣದ ಗೆರೆಗಳು ಉಳಿಯುತ್ತವೆ. ಮಣ್ಣಿನ ಮಿತಿಯನ್ನೇ ಅಲ್ಲಿನವರು ಪಾತ್ರೆಯ ಲಕ್ಷಣವಾಗಿ ಸ್ವೀಕರಿಸಿದರು.

ಸಾಕೆ ಬಟ್ಟಲಿನ ಮೆರುಗು

ಸಾಕೆ ಎಂಬುದು ಅಕ್ಕಿಯಿಂದ ತಯಾರಿಸುವ ಜಪಾನಿನ ಪಾನೀಯ. ಅದನ್ನು ತುಂಬಿಡುವ ಕಿರಿಗೊರಳಿನ ಹೂಜಿ ‘ತೊಕ್ಕುರಿ’, ಕುಡಿಯುವ ಪುಟ್ಟ ಬಟ್ಟಲು ‘ಒಚೋಕೊ’, ಅದಕ್ಕಿಂತ ತುಸು ದೊಡ್ಡದು ‘ಗುಯಿನೊಮಿ’. ಸುರಿಯಲು ಬಿಜೆನ್‌ನ ತೊಕ್ಕುರಿ, ಕುಡಿಯಲು ಕರಾತ್ಸುವಿನ ಗುಯಿನೊಮಿ ಇರಬೇಕೆಂಬ ಮಾತು ಅಲ್ಲಿನ ರಸಿಕರಲ್ಲಿ ರೂಢಿಯಲ್ಲಿದೆ. ಮೊದಲನೆಯದು ಮೆರುಗಿಲ್ಲದ್ದು, ಎರಡನೆಯದು ಬೂದಿ ಮತ್ತು ಫೆಲ್ಡ್‌ಸ್ಪಾರ್ ಶಿಲೆಯ ಮೆರುಗು ಹಚ್ಚಿದ್ದು. 1592ರಿಂದ 1598ರವರೆಗೆ ಹಿದೆಯೋಶಿ ನಡೆಸಿದ ದಂಡಯಾತ್ರೆಗಳ ಕಾಲದಲ್ಲಿ ಕೊರಿಯಾದಿಂದ ಕರೆತರಲಾದ ಕುಂಬಾರರಿಂದ ಕರಾತ್ಸುವಿನ ಕಸುಬು ವಿಸ್ತಾರಗೊಂಡಿತು. ಒಂದು ಸೊಗಸಾದ ಬಟ್ಟಲಿನ ಹಿಂದೆ ಬಲವಂತದ ವಲಸೆಯ ನೋವಿನ ಇತಿಹಾಸವೂ ಇದೆ.

ಕುಡಿಯುವ ಬಟ್ಟಲಿಗೆ ಮೆರುಗು ಬೇಕಾಗುವುದಕ್ಕೆ ಬಳಕೆಯೇ ಕಾರಣ. ತುಟಿಗೆ ತಾಗುವ ಅಂಚು ನಯವಾಗಿರಬೇಕು, ಹಿಂದಿನ ಬಾರಿ ಕುಡಿದುದರ ವಾಸನೆ ಉಳಿಯಬಾರದು, ತೊಳೆದರೆ ಶುಚಿಯಾಗಬೇಕು. ಹೀಗೆ ವರ್ಷಗಟ್ಟಲೆ ಬಳಸಿ ಮುಂದಿನ ತಲೆಮಾರಿಗೆ ಕೊಡಬಹುದಾದ ವಸ್ತುವಾಗಿ ಅದು ಬೆಳೆಯಿತು. ನಮ್ಮಲ್ಲಿ ಕುಡಿಯುವ ಪಾತ್ರೆಯ ಸ್ಥಾನವನ್ನು ಬಲು ಹಿಂದೆಯೇ ಹಿತ್ತಾಳೆ, ಕಂಚು, ತಾಮ್ರಗಳು ಪಡೆದುಕೊಂಡವು. ಎಂಜಲು-ಮೈಲಿಗೆಯ ಕಲ್ಪನೆಯಲ್ಲಿ ಲೋಹವನ್ನು ಬೆಳಗಿ ಶುದ್ಧಗೊಳಿಸಬಹುದಾಗಿತ್ತು. ಎಂಜಲಾದ ಮಣ್ಣಿನ ಪಾತ್ರೆಯನ್ನು ಎಸೆಯಬೇಕಿತ್ತು. ಹೀಗಾಗಿ ಕುಂಬಾರನ ಕೈಗೆ ಉಳಿದದ್ದು ನೀರಿನ ಹರವಿ, ಅಡುಗೆಯ ಗಡಿಗೆ, ಮೊಸರಿನ ಕುಡಿಕೆ ಮತ್ತು ಹೆಂಡದ ಮಡಕೆ. ಮುಂದಿನ ತಲೆಮಾರಿಗೆ ಉಳಿಯುವ ಬಟ್ಟಲಿನ ಕಲ್ಪನೆಗೆ ಇಲ್ಲಿ ಅವಕಾಶವೇ ಇರಲಿಲ್ಲ.

ಕರ್ನಾಟಕ ಕಂಡ ಮೆರುಗು

ಮೆರುಗಿನ ವಿದ್ಯೆ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೀದರಿನಲ್ಲಿ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಗಳ ಮೇಲೆ ಪರ್ಷಿಯಾ ಶೈಲಿಯ ನೀಲಿ, ಹಸಿರು, ಹಳದಿ ಹೆಂಚುಗಳ ಅವಶೇಷಗಳನ್ನು ಇಂದಿಗೂ ಕಾಣಬಹುದು. ಆದರೆ ಆ ಮೆರುಗು ಅರಮನೆ ಮತ್ತು ವಿದ್ಯಾಲಯಗಳ ಗೋಡೆಯ ಅಲಂಕಾರವಾಗಿ ಉಳಿಯಿತೇ ಹೊರತು ಹಳ್ಳಿಯ ಕುಂಬಾರನ ಆವಿಗೆಗೆ ಇಳಿಯಲಿಲ್ಲ. ಮನೆಗಳಿಗೆ ಮೆರುಗು ಬಂದದ್ದು ಉಪ್ಪಿನಕಾಯಿಯ ಚೀನಿ ಮಣ್ಣಿನ ಭರಣಿಯ ರೂಪದಲ್ಲಿ. ಹುಳಿ, ಉಪ್ಪು, ಎಣ್ಣೆಗಳನ್ನು ಹೀರದ ಪಾತ್ರೆ ಅಲ್ಲಿ ಅನಿವಾರ್ಯವಾಗಿತ್ತು.

ಕಾರ್ಖಾನೆಗಳ ಕಾಲದಲ್ಲಿ ಮಣ್ಣಿನ ಉದ್ಯಮ ಬೇರೆ ದಾರಿ ಹಿಡಿಯಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಕರಾವಳಿಯ ಚಹರೆಯನ್ನೇ ಬದಲಿಸಿತು. ಬೆಂಗಳೂರಿನ ಸರಕಾರಿ ಪಿಂಗಾಣಿ ಕಾರ್ಖಾನೆ ವಿದ್ಯುತ್ ಇನ್ಸುಲೇಟರುಗಳಿಗೆ ಹೆಸರಾಗಿ ಮುಂದೆ ಬಿಎಚ್‌ಇಎಲ್ ಸಂಸ್ಥೆಯಲ್ಲಿ ವಿಲೀನವಾಯಿತು. ಒಳ್ಳೆಯ ಮಣ್ಣಿಗೆ ಹೆಸರಾದ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಗ್ರಾಮೀಣ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿತು. ತೇರದಾಳ ಸೀಮೆಯಿಂದ ಒಂದು ದಿನದ ಪ್ರಯಾಣದೊಳಗಿರುವ ಕಲಿಕೆಯ ತಾಣವದು.

ಜಪಾನಿನ ವಿದ್ಯೆಯೂ ಭಾರತಕ್ಕೆ ಬಂದಿದೆ. 1919ರಲ್ಲಿ ಜಪಾನಿಗೆ ತೆರಳಿ ಕಲಿತ ಸರ್ದಾರ್ ಗುರುಚರಣ್ ಸಿಂಗ್ ದೆಹಲಿಯಲ್ಲಿ ಸ್ಟುಡಿಯೊ ಕುಂಬಾರಿಕೆಗೆ ಬುನಾದಿ ಹಾಕಿದರು. ಬಿಜೆನ್‌ನಲ್ಲಿ ತರಬೇತಿ ಪಡೆದಿದ್ದ ಡೆಬೊರಾ ಸ್ಮಿತ್ ಹಾಗೂ ರೇ ಮೀಕರ್ ಪಾಂಡಿಚೇರಿಯಲ್ಲಿ 1971ರಲ್ಲಿ ‘ಗೋಲ್ಡನ್ ಬ್ರಿಜ್ ಪಾಟರಿ’ಯನ್ನು ಆರಂಭಿಸಿದರು. ಆದರೆ ಸ್ಟುಡಿಯೊಗಳಲ್ಲಿ ಬೆಳೆದ ಈ ಪ್ರವಾಹ ಬಹುಪಾಲು ನಗರದ ಕಲಾಸಕ್ತರದ್ದು. ಪರಂಪರೆಯ ಕುಂಬಾರ ಓಣಿಗೆ ಅದರ ಲಾಭ ತಲುಪಿದ್ದು ಅತ್ಯಲ್ಪ.

ಬಿಜೆನ್ ಹೇಳುವ ಪಾಠ

ಬಿಜೆನ್ ಎಂದೂ ಸುಖದಲ್ಲಿಯೇ ಇತ್ತೆಂದು ಭಾವಿಸುವುದು ತಪ್ಪು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರೋದ್ಯಮ ಮತ್ತು ಅಗ್ಗದ ಪಿಂಗಾಣಿಯ ಪೈಪೋಟಿಗೆ ಸಿಲುಕಿ ಅದು ಸೊರಗಿತು. ಕೊಳವೆ ಮತ್ತು ಇಟ್ಟಿಗೆಗಳನ್ನು ತಯಾರಿಸಿ ಅಲ್ಲಿನವರು ಹೊಟ್ಟೆ ಹೊರೆಯಬೇಕಾಯಿತು. 20ನೆಯ ಶತಮಾನದಲ್ಲಿ ಕನೆಶಿಗೆ ತೋಯೊ (1896-1967) ಎಂಬ ಕುಂಬಾರ ಹಳೆಯ ಮಣ್ಣು, ಹಳೆಯ ಉರಿಯ ವಿಧಾನಗಳನ್ನು ಮತ್ತೆ ಹುಡುಕಿ ತೆಗೆದರು. ಯಾನಗಿ ಸೋಎತ್ಸು 1920ರ ದಶಕದಲ್ಲಿ ಆರಂಭಿಸಿದ ಜನಪದ ಕರಕುಶಲ ಚಳವಳಿಯು, ದಿನಬಳಕೆಯ ವಸ್ತುವಿನಲ್ಲಿಯೂ ಸೌಂದರ್ಯವಿದೆ ಎಂಬ ತಿಳಿವನ್ನು ವಿದ್ಯಾವಂತರಲ್ಲಿ ಹರಡಿತು. 1950ರಲ್ಲಿ ಜಪಾನ್ ಸರಕಾರ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನು ತಂದಿತು. 1956ರಲ್ಲಿ ಕನೆಶಿಗೆ ತೋಯೊ ಅವರನ್ನು, ಜನರು ‘ಜೀವಂತ ರಾಷ್ಟ್ರನಿಧಿ’ ಎಂದು ಕರೆಯುವ ಗೌರವಕ್ಕೆ ಆಯ್ಕೆ ಮಾಡಲಾಯಿತು. ಬಿಜೆನ್‌ನ ಕುಂಬಾರನೊಬ್ಬನಿಗೆ ಈ ಗೌರವ ದೊರೆತದ್ದು ಅದೇ ಮೊದಲು.

ಇಲ್ಲಿ ಒಲೆಯೊಂದನ್ನು ಉಳಿಸಿದ್ದು ಮೂರು ಸಂಗತಿಗಳು: ಕಸುಬು ಬಲ್ಲವನ ಹಟ, ಕೊಳ್ಳುವವರ ಅಭಿರುಚಿ, ಸರಕಾರದ ಮನ್ನಣೆ. ಅದಕ್ಕೆ ತೆತ್ತ ಬೆಲೆಯೂ ಉಂಟು. ರೈತನ ಮನೆಯ ಬೀಜದ ಜಾಡಿ ತಯಾರಿಸುತ್ತಿದ್ದ ಕಸುಬು ಸಂಗ್ರಾಹಕರ ಕಪಾಟಿಗೆ ಹೆಚ್ಚು ಹೆಚ್ಚಾಗಿ ದುಡಿಯತೊಡಗಿತು. ಬಯಲುಸೀಮೆಯ ಹರವಿಯನ್ನು ಇದೇ ರೀತಿ ಕಲಾವಸ್ತುವಾಗಿಸುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಅನುಕರಿಸಬೇಕಾದದ್ದು ಬಟ್ಟಲನ್ನಲ್ಲ, ತನ್ನ ಮಣ್ಣಿನ ಗುಣವನ್ನು ಅರಿತು, ಅದನ್ನೇ ಮೌಲ್ಯವೆಂದು ಒಪ್ಪಿಸಿದ ಬಗೆಯನ್ನು.

ಅನುಕರಣೆಗೆ ತಾಂತ್ರಿಕ ಅಡ್ಡಿಯೂ ಇದೆ. ಕಬ್ಬಿಣದ ಅಂಶ ಹೆಚ್ಚಿರುವ ಇಲ್ಲಿನ ಸಾಮಾನ್ಯ ಕುಂಬಾರ ಮಣ್ಣನ್ನು ಜಪಾನಿನ ತಾಪಕ್ಕೆ ಒಯ್ದರೆ ಅದು ಉಬ್ಬಿ, ಸೊಟ್ಟಗಾಗಿ, ಕುಸಿಯುತ್ತದೆ. ಕಡಿಮೆ ತಾಪದಲ್ಲಿ ಕರಗುವ ಮೆರುಗುಗಳಿವೆಯಾದರೂ ಅವುಗಳಲ್ಲಿ ಕೆಲವಕ್ಕೆ ಸೀಸ ಬಳಸುತ್ತಾರೆ. ಹುಳಿ, ಮಜ್ಜಿಗೆ, ನಿಂಬೆರಸಗಳಂಥ ಆಮ್ಲೀಯ ಪದಾರ್ಥಗಳು ಸೀಸವನ್ನು ಆಹಾರಕ್ಕೆ ಇಳಿಸುವ ಅಪಾಯವಿದೆ. ಆದ್ದರಿಂದ ಹೊಳೆಯುವ ಮಣ್ಣಿನ ಪಾತ್ರೆಯನ್ನು ಅಡುಗೆಗೆ ಅಥವಾ ಕುಡಿಯಲು ಕೊಳ್ಳುವವರು ಮೆರುಗು ಸೀಸರಹಿತವೇ ಎಂದು ವಿಚಾರಿಸುವುದು ಅಗತ್ಯ. ಜಾಜು ಬಳಿದು ಉಜ್ಜಿದ ಹೊಳಪಿಗೆ ಈ ಅಪಾಯವಿಲ್ಲ. ಆದರೆ ಮಾರುಕಟ್ಟೆಯಲ್ಲಿ ಎಣ್ಣೆಬಣ್ಣ ಬಳಿದ ಗಡಿಗೆಗಳೂ ಸಿಗುತ್ತವೆ. ಅವು ಅಲಂಕಾರಕ್ಕೆ ಮಾತ್ರ ತಕ್ಕವು; ಬಣ್ಣವು ರಂಧ್ರಗಳನ್ನು ಮುಚ್ಚುವುದರಿಂದ ನೀರೂ ತಣ್ಣಗಾಗದು.

ಹಬ್ಬದ ಆಸರೆ, ಮಣ್ಣಿನ ಹಕ್ಕು

ಸ್ಟೀಲು, ಪ್ಲಾಸ್ಟಿಕ್ ಮತ್ತು ಫ್ರಿಜ್‌ಗಳು ಬಂದ ಮೇಲೆಯೂ ಕುಂಬಾರ ಓಣಿ ಪೂರ್ತಿ ನಿಶ್ಶಬ್ದವಾಗದಿರುವುದಕ್ಕ ಆಚರಣೆಗಳು ದೊಡ್ಡ ಕಾರಣ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತುಗಳು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಭಾದ್ರಪದದಲ್ಲಿ ಗಣೇಶ ಮತ್ತು ಕುಂಬಾರರ ಮನೆಯಲ್ಲಿ ಹುಟ್ಟುವ ಜೋಕುಮಾರ, ದೀಪಾವಳಿಗೆ ಹಣತೆ, ಮದುವೆಗೆ ಬಣ್ಣ ಬರೆದ ಐರಣಿ ಗಡಿಗೆ, ಕೊನೆಗೆ ಸ್ಮಶಾನಯಾತ್ರೆಯ ಬೆಂಕಿಗಡಿಗೆ, ಹೀಗೆ ಉತ್ತರ ಕರ್ನಾಟಕದ ಬದುಕಿನ ಮುಖ್ಯ ಘಟ್ಟಗಳಲ್ಲೆಲ್ಲ ಕುಂಬಾರನ ಮಣ್ಣು ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹಗಳ ವಿರುದ್ಧ ನಿಂತು ಮಣ್ಣಿನ ಗಣಪನಿಗೆ ಬೆಂಬಲ ನೀಡಿತು.

ಕಸುಬಿನ ಮುಂದಿರುವ ಮೊದಲ ಪ್ರಶ್ನೆ ಮಣ್ಣಿನದ್ದು. ಕೆರೆಗಳು ಹೂಳು ತುಂಬಿ ಅಥವಾ ಒತ್ತುವರಿಯಾಗಿ, ಹೊಲಗಳು ಕಬ್ಬಿಗೆ ತಿರುಗಿ, ಇಟ್ಟಿಗೆ ಭಟ್ಟಿಗಳ ಬೇಡಿಕೆ ಏರಿದಂತೆ ಒಳ್ಳೆಯ ಜಿಗಿಮಣ್ಣು ದುರ್ಲಭವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆಗಳಿಗೆ ಬಂದಂಥ ಪ್ರವಾಹಗಳು ನದಿತೀರದ ಕಸುಬುದಾರರ ಮಣ್ಣು, ಉರುವಲು, ಸಿದ್ಧ ಸರಕುಗಳಿಗೆ ಎಂಥ ಅಪಾಯ ತರಬಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಕಾನೂನಿನ ಮಟ್ಟದಲ್ಲಿ ಒಂದು ಅನುಕೂಲವಿದೆ. ಕೇಂದ್ರ ಪರಿಸರ ಸಚಿವಾಲಯವು 2016ರ ಜನವರಿಯಲ್ಲಿ ಹೊರಡಿಸಿದ ತಿದ್ದುಪಡಿ ಅಧಿಸೂಚನೆಯ ಪ್ರಕಾರ, ಕುಂಬಾರರು ರೂಢಿಯಂತೆ ಮಡಕೆ, ಹಣತೆ, ಆಟಿಕೆಗಳಿಗಾಗಿ ಕೈಯಿಂದ ಮಣ್ಣು ತೆಗೆಯಲು ಪೂರ್ವ ಪರಿಸರ ಅನುಮತಿ ಬೇಕಾಗಿಲ್ಲ. ಈ ವಿನಾಯಿತಿಯ ಅರಿವು ಕುಂಬಾರರಿಗೂ ಸ್ಥಳೀಯ ಅಧಿಕಾರಿಗಳಿಗೂ ಇರಬೇಕಾದುದು ಮುಖ್ಯ.

ಯೋಜನೆಗಳೂ ಇವೆ. ಖಾದಿ ಆಯೋಗವು 2018ರಲ್ಲಿ ಆರಂಭಿಸಿದ ‘ಕುಂಬಾರ ಸಶಕ್ತೀಕರಣ’ ಕಾರ್ಯಕ್ರಮದಡಿ ವಿದ್ಯುತ್ ತಿಗರಿಗಳನ್ನು ವಿತರಿಸಲಾಯಿತು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ‘ಪ್ರಧಾನಮಂತ್ರಿ ವಿಶ್ವಕರ್ಮ’ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರಲ್ಲಿ ತರಬೇತಿ, ಸಲಕರಣೆಗಾಗಿ 15,000 ರೂಪಾಯಿ ಮತ್ತು ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಸಾಲದ ಅವಕಾಶವಿದೆ. ವಿದ್ಯುತ್ ತಿಗರಿ ತೋಳಿನ ದಣಿವನ್ನು ತಗ್ಗಿಸುತ್ತದೆ. ಹೆಣ್ಣುಮಕ್ಕಳೂ ತಿಗರಿಯ ಮುಂದೆ ಕೂರಲು ದಾರಿ ಮಾಡುತ್ತದೆ. ಆದರೆ ಮಣ್ಣು, ಉರುವಲು ಮತ್ತು ಮಾರಾಟದ ತೊಡಕುಗಳನ್ನು ಅದು ಬಿಡಿಸಲಾರದು.

ಮಾರಾಟದ ಕಡೆ ಹೊಸ ಆಸೆ ಹುಟ್ಟಿಸಿದ್ದು ಬಟ್ಟಲೇ. 2004ರಲ್ಲಿ ಆಗಿನ ರೈಲ್ವೆ ಸಚಿವ ಲಾಲೂ ಪ್ರಸಾದ್ ರೈಲುಗಳಲ್ಲಿ ಮಣ್ಣಿನ ಕುಡಿಕೆಯ ಚಹಾ ನೀಡಲು ಆದೇಶಿಸಿದ್ದರು. ಕಾಲಕ್ರಮದಲ್ಲಿ ಕಾಗದದ ಲೋಟಗಳೇ ಮೇಲುಗೈ ಪಡೆದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳ ಮೇಲೆ ದೇಶವ್ಯಾಪಿ ನಿಷೇಧ ಬಂದಿತು. ನಗರಗಳ ರಸ್ತೆಬದಿಯಲ್ಲಿ ‘ಮಟ್ಕಾ ಚಹಾ’ ಅಂಗಡಿಗಳು ಕಾಣಿಸಿಕೊಂಡವು. ಆದರೆ ಒಮ್ಮೆ ಕುಡಿದು ಎಸೆಯುವ ಕುಡಿಕೆಗೆ ಬೆಲೆ ಸಿಗುವುದು ಅಷ್ಟಕ್ಕಷ್ಟೇ. ಅದಕ್ಕಾಗಿ ಮೇಲ್ಮಣ್ಣನ್ನೂ ಉರುವಲನ್ನೂ ವ್ಯಯಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಇದೆ. ಬೇಸಿಗೆಯುದ್ದಕ್ಕೂ ವಿದ್ಯುತ್ತಿಲ್ಲದೆ ನೀರು ತಣಿಸುವ ಹರವಿಗೆ ನ್ಯಾಯವಾದ ಬೆಲೆ ಕೊಡುವುದು ಇದಕ್ಕಿಂತ ವಿವೇಕದ ದಾರಿ.

ನಗರದ ಗ್ರಾಹಕರು ಗಮನಿಸಬೇಕಾದ ಅಂಶಗಳು ಕೆಲವೇ. ಬಡಿದಾಗ ಗಂಟೆಯಂತೆ ನಾದ ಬರುವ ಗಡಿಗೆ ಚೆನ್ನಾಗಿ ಬೆಂದದ್ದು; ಮಂದವಾದ ಸದ್ದು ಬಂದರೆ ಬಿರುಕು ಅಥವಾ ಅರೆಬೇಯುವಿಕೆಯ ಸೂಚನೆ. ಹೊಸ ಗಡಿಗೆಯಲ್ಲಿ ಒಂದು ದಿನ ನೀರು ತುಂಬಿಟ್ಟು ಚೆಲ್ಲಿ ಬಳಿಕ ಬಳಸಬೇಕು. ಸಾಬೂನಿನ ಬದಲು ಬರೀ ನೀರು ಮತ್ತು ನಾರಿನಿಂದ ಉಜ್ಜುವುದು ಒಳ್ಳೆಯದು. ರಂಧ್ರಗಳು ಸಾಬೂನನ್ನು ಹೀರುತ್ತವೆ. ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿಟ್ಟರೆ ನೀರು ಬೇಗ ತಣಿಯುತ್ತದೆ. ಒಂದೆರಡು ಬೇಸಿಗೆಯ ನಂತರ ನೀರಿನಲ್ಲಿನ ಲವಣಗಳಿಂದ ರಂಧ್ರಗಳು ಕಟ್ಟಿ ತಂಪು ಕಡಿಮೆಯಾಗುವುದು ಸಹಜ. ಆಗ ಅದನ್ನು ಗಿಡದ ಕುಂಡವಾಗಿಸಿ ಹೊಸದನ್ನು ಕೊಳ್ಳಬಹುದು.

ಜಪಾನಿನಲ್ಲಿ ಬೂದಿ ಕರಗಿ ಬಟ್ಟಲಿಗೆ ಮೆರುಗಾಯಿತು. ಕೃಷ್ಣಾ ತೀರದಲ್ಲಿ ಗಡಿಗೆಯ ಮೈ ಬೆವರಿ ಬಾಯಾರಿದವರಿಗೆ ತಂಪಾಯಿತು. ಎರಡೂ ತಮ್ಮ ತಮ್ಮ ನೆಲ, ಹವೆ, ಉರಿಗಳಿಗೆ ಮನುಷ್ಯ ಕಂಡುಕೊಂಡ ಪಕ್ವವಾದ ಉತ್ತರಗಳೇ. ಬಿಜೆನ್‌ಗೆ ದೊರೆತ ಮನ್ನಣೆಯಲ್ಲಿ ಒಂದು ಪಾಲಾದರೂ ತೇರದಾಳ ಸೀಮೆಯ ಆವಿಗೆಗೆ ದೊರೆಯಬೇಕಾದರೆ ಪ್ರಶಸ್ತಿಗಳಿಗಾಗಿ ಕಾಯಬೇಕಿಲ್ಲ. ಕೆರೆಯ ಮಣ್ಣಿನ ಹಕ್ಕನ್ನು ಉಳಿಸಿಕೊಡುವುದು, ಸಂತೆಯಲ್ಲಿ ಚೌಕಾಸಿ ಮಾಡದೆ ಹರವಿಯೊಂದನ್ನು ಕೊಳ್ಳುವುದು, ಇವೆರಡರಿಂದಲೇ ಆ ಕೆಲಸ ಆರಂಭವಾಗಬಹುದು.